ಗೋಡೆಯಿಲ್ಲದ ಹೊಸ್ತಿಲು

ನಮ್ಮ ಶಾಲೆಯನ್ನು ಮಳೆ ಕೆಡವಲಿಲ್ಲ. ಮಳೆಗೆ ಬಿದ್ದದ್ದು ಒಂದು ಕೋಣೆ. ಮಿಕ್ಕ ಎರಡು ಕೋಣೆಗಳನ್ನು ಕೆಡವಿದವರು ನಾವು. ನಮ್ಮವ್ವ ಆಶಮ್ಮ ತಲೆ ಮೇಲೆ ಕಲ್ಲು ಹೊತ್ತಳು. ನಾನೂ ಹೊತ್ತೆ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಕಾಗದ ಹಿಡಿದುಕೊಂಡು ಬಂದು "ಕೆಡವಿದವರು ನೀವೇ ಅಲ್ಲವಾ" ಎಂದು ಕೇಳುವುದು ಬೇಡ. ಒಂದು ಸಲ ಕೇಳಿಸಿಕೊಂಡದ್ದೇ ಸಾಕಾಗಿದೆ.

ಬರೆಯುತ್ತಿರುವವಳು ನಾನು, ರಜಿತಾ. ಬರೆಯಬೇಕಾಗಿದ್ದವಳು ಜಮ್ಮುಲಮ್ಮ. ಹತ್ತನೇ ಕ್ಲಾಸಿನಲ್ಲಿ ನಾವಿಬ್ಬರೂ ಒಂದೇ ಹಲಗೆಯ ಮೇಲೆ ಕೂರುತ್ತಿದ್ದೆವು. ಅವಳ ಅಕ್ಷರ ದುಂಡಗಿದ್ದವು, ನನ್ನವು ಕುರಿ ಹಿಕ್ಕೆ ಚೆಲ್ಲಿದ ಹಾಗೆ ಇದ್ದವು. ಇದನ್ನೂ ನಮ್ಮ ಮೇಷ್ಟ್ರು ಶಿವಕಾಂತ ಸಾರ್ ಎಲ್ಲರೆದುರು ಹೇಳಿ ನಗಿಸುತ್ತಿದ್ದರು. ನಾನು ಕುರುಬರವಳು. ಕುರಿಯ ಮಾತು ಬಂದರೆ ನನಗೆ ಸಿಟ್ಟು ಬರುತ್ತಿರಲಿಲ್ಲ.

ಊರು ಕರೇಕಲ್ಲು. ಮಕ್ತಲ್‌ನಿಂದ ಕೃಷ್ಣಾ ನದಿ ಕಡೆಗೆ ಇಳಿದರೆ ಸಿಗುತ್ತದೆ. ಸುತ್ತಲಿನ ಊರುಗಳೆಲ್ಲ ತೆಲುಗು, ನಮ್ಮದು ಕನ್ನಡ. ಲಿಂಗಾಯತರ ಓಣಿ, ಕುರುಬರ ಹಟ್ಟಿ, ಹೊರಗೆ ಮಾದಿಗರ ಕೇರಿ. ಕೇರಿಯ ಮಕ್ಕಳಿಂದ ಹಿಡಿದು ಲಿಂಗಣ್ಣ ಸಾಹುಕಾರರ ಮಗಳು ಭಾಗ್ಯಜ್ಯೋತಿವರೆಗೆ ಎಲ್ಲರಿಗೂ ಒಂದೇ ಹೈಸ್ಕೂಲು, ಕನ್ನಡ ಮಾಧ್ಯಮದ್ದು. ಕಲ್ಲಿನ ಗೋಡೆ, ಚಪ್ಪಡಿ ಹಾಸಿದ ಮಾಡು, ಮೂರು ಕೋಣೆ, ಒಂದು ಪಡಸಾಲೆ, ಪಡಸಾಲೆಗೆ ಒಂದೇ ದೊಡ್ಡ ಬಾಗಿಲು. ಬೇವಿನ ಮರದ ಚೌಕಟ್ಟು, ಅದರ ಕೆಳಗೆ ಕಾಲು ತಾಗಿ ತಾಗಿ ನಡು ಸವೆದ ಹೊಸ್ತಿಲು. ಊರಲ್ಲಿ ಯಾರು ಬೇಕಾದರೂ ದಾಟಬಹುದಾಗಿದ್ದ ಹೊಸ್ತಿಲು ಅದೊಂದೇ. ಜಮ್ಮುಲಮ್ಮನ ತಾಯಿ ಪೆಂಟಮ್ಮ ಅದನ್ನು ಒಂದು ದಿನವೂ ತುಳಿದವಳಲ್ಲ. ಮಗಳನ್ನು ಬಿಡಲು ಬಂದಾಗಲೆಲ್ಲ ಬಗ್ಗಿ, ಹೊಸ್ತಿಲು ಮುಟ್ಟಿ, ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದಳು.

ಆ ವರ್ಷ ಜೂನ್ ಎರಡಕ್ಕೆ ತೆಲಂಗಾಣ ರಾಜ್ಯ ಬಂತು. ಶಾಲೆಯ ಮುಂದೆ ಗುಲಾಬಿ ಬಣ್ಣ ಎರಚಿದರು. ಬೂಂದಿ ಲಾಡು ಕೊಟ್ಟರು. ನಮ್ಮಿಂದ ತೆಲುಗು ಪದ ಹಾಡಿಸಿದರು, ಹಾಡಿದೆವು. "ನಮ್ ರಾಜ್ಯ ಬಂತು" ಎಂದು ಜಮ್ಮುಲಮ್ಮ ಕುಣಿದಳು. ಕುಣಿಯದೆ ಏನು ಮಾಡುತ್ತಾಳೆ? ನಾವೂ ಆ ರಾಜ್ಯದವರೇ.

ಆಗಸ್ಟ್ ಕೊನೆಯಲ್ಲಿ ಐದು ದಿನ ಬಿಡದೆ ಮಳೆ. ಭಾನುವಾರ ಬೆಳಿಗ್ಗೆ ಎಂಟನೇ ಕ್ಲಾಸಿನ ಕೋಣೆ ಕುಸಿಯಿತು. ಚಪ್ಪಡಿಗಳು ಬೆಂಚಿನ ಮೇಲೆ ಬಿದ್ದು ಬೆಂಚು ಪುಡಿಯಾದವು. ರಜೆ ಇದ್ದದ್ದರಿಂದ ಮಕ್ಕಳು ಉಳಿದರು. ಸೋಮವಾರ ಮಂಡಲದ ಶಿಕ್ಷಣಾಧಿಕಾರಿ ಜೀಪಿನಲ್ಲಿ ಬಂದರು. ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಊರಲ್ಲಿ ನಾವು ಸಾಹೇಬರು ಅನ್ನುತ್ತಿದ್ದೆವು. ಸಾಹೇಬರು ಕೆಸರಿಗೆ ಹೆದರಿ ಜೀಪಿನ ಪಕ್ಕದಲ್ಲೇ ನಿಂತರು.

"ಇದಂತಾ ಸಾಫ್ ಚೇಯುಂಡ್ರಿ. ಜಾಗ ಖಾಲಿ ಆಯಿತೆ ಕೊತ್ತ ಬಿಲ್ಡಿಂಗ್ ವಸ್ತದಿ," ಎಂದರು. ಇದನ್ನೆಲ್ಲ ತೆಗೆದು ಜಾಗ ಖಾಲಿ ಮಾಡಿದರೆ ಹೊಸ ಕಟ್ಟಡ ಬರುತ್ತದೆ ಅಂತ.

ಶಿವಕಾಂತ ಸಾರ್ ಕೈ ಕಟ್ಟಿಕೊಂಡು ಕೇಳಿದರು. "ಒಂದು ಕಾಗದದಾಗ ಬರ್ದು ಕೊಡ್ರಿ ಸಾರ್."

ಸಾಹೇಬರು ನಕ್ಕರು. "ಕಾಗಿತಂ ಎಂದುಕು ಸಾರೂ? ಇಪ್ಪುಡೇ ರಾಜ್ಯ ವಚ್ಚಿಂದಿ. ಅನ್ನೀ ವಸ್ತಯಿ." ರಾಜ್ಯವೇ ಬಂದಿದೆ, ಇನ್ನೆಲ್ಲವೂ ಬರುತ್ತದೆ. ಜೀಪು ಹಿಂದಕ್ಕೆ ತಿರುಗಿಸಿಕೊಂಡು ಹೋದರು.

ಸಂಜೆ ಬೀರಪ್ಪನ ಗುಡಿ ಮುಂದೆ ಮಂದಿ ಸೇರಿತು. ಗಂಡಸರು ಅರ್ಧದಷ್ಟು ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಗಂಡಸರು ಕುರಿ ಹಿಂದೆ ದೂರ ಹೋಗುತ್ತಾರೆ, ನಮ್ಮಪ್ಪನೂ ಹೋಗಿದ್ದ. ಹೆಂಗಸರು, ಮುದುಕರು ಇದ್ದರು. ಬೀರಪ್ಪನ ಪೂಜಾರಿ ಬೀರಲಿಂಗಪ್ಪಜ್ಜ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಹೇಳಿದ.

"ನೆತ್ತಿ ಬಿದ್ದ ಮನಿಗಿ ತ್ಯಾಪಿ ಹಾಕೂದಿಲ್ಲ. ಗುಡಿಗೂ ಹಂಗ, ಮನಿಗೂ ಹಂಗ. ಬುನಾದಿ ಕಾಣೂತನ ಇಳಸ್ಬೇಕು. ಮೊದ್ಲಿಗಿ ಚೌಕಟ್ಟು ತಗದು ಕಾಯ್ಕೋಬೇಕು. ಅದೇ ಚೌಕಟ್ಟಿಗಿ ಹೊಸಾದು ಕಟ್ಟಬೇಕು. ನಮ್ಮ ಹಿರ್ಯಾರು ಮಾಡಿದ್ದು ಇದು."

ಅದು ನಿಜ. ನಮ್ಮ ಹಟ್ಟಿಯಲ್ಲಿ ಯಾವ ಮನೆಯ ಮಾಡು ಕುಸಿದರೂ ಹೀಗೇ ಮಾಡುತ್ತಾರೆ. ಅರ್ಧ ಬಿದ್ದ ಮನೆಯಲ್ಲಿ ದೇವರು ನಿಲ್ಲುವುದಿಲ್ಲ ಎಂದು ನಂಬುತ್ತಾರೆ. ಚೌಕಟ್ಟು ಉಳಿದರೆ ಮನೆ ಉಳಿಯಿತು ಎಂದು ಲೆಕ್ಕ.

ಶಿವಕಾಂತ ಸಾರ್ ತಡವರಿಸಿದರು. "ಅಜ್ಜಾ, ಇನ್ನೆರಡು ರೂಮ್ ಗಟ್ಟಿ ಅದಾವು. ಹೊಸಾದು ಬರೂತನ ಅದ್ರಾಗ ನಡಸಬೌದು…"

"ಗಟ್ಟಿ ಅದಾವಂತ ನಿನ್ನಿ ಇದಕ್ಕೂ ಅಂದಿದ್ರಿ. ನಾಳಿ ಅದೂ ಬಿದ್ದು ಒಳಗ ಕೂಸುಗಳು ಇದ್ರ?"

ಮೇಷ್ಟ್ರು ಒಪ್ಪಿಕೊಂಡರು. ಸಾಹೇಬರು ಬೇರೆ ಸಾಫ್ ಮಾಡಿರಿ ಅಂದಿದ್ದರು. ಎರಡೂ ಮಾತು ಒಂದೇ ಎಂದು ನಮಗೆ ಕಂಡಿತು. ತಪ್ಪು ಅಲ್ಲಿ ಆಯಿತು.

ನಾಲ್ಕು ದಿನ ಕೆಡವಿದೆವು. ಗೋಡೆಯ ಮೇಲೆ ಇಬ್ಬರು ಹಾರೆ ಹಾಕಿ ಎಬ್ಬಿಸುವುದು, ಕೆಳಗೆ ಹೆಂಗಸರು ಸಾಲಾಗಿ ನಿಂತು ಹೊರುವುದು. ತಲೆಗೆ ಸಿಂಬೆ, ಸಿಂಬೆಯ ಮೇಲೆ ಕಲ್ಲು, ಕಲ್ಲಿನಿಂದ ಮುಖಕ್ಕಿಳಿಯುವ ಸುಣ್ಣದ ನೀರು. ಅವ್ವನ ಕುತ್ತಿಗೆ ಮೂರನೇ ದಿನ ಒಂದು ಕಡೆ ತಿರುಗದೆ ಹಿಡಿದುಕೊಂಡಿತು. ಆದರೂ ಹೊತ್ತಳು. ಕೂಲಿ ಕೇಳಿದವರು ಯಾರೂ ಇಲ್ಲ. ಜಮ್ಮುಲಮ್ಮ ಮತ್ತು ನಾನು ನಮ್ಮ ಕ್ಲಾಸಿನ ಕರಿಹಲಗೆಯ ಗೋಡೆ ಕೆಡವುವಾಗ ಚಪ್ಪಾಳೆ ತಟ್ಟಿದೆವು. ಅದು ನೆನಪಾದರೆ ಈಗಲೂ ನನ್ನ ಕೈ ನನಗೇ ಬೇಡವೆನಿಸುತ್ತದೆ.

ಮೊದಲ ದಿನವೇ ಚೌಕಟ್ಟು ತೆಗೆದಿದ್ದರು. ಕುಂಕುಮ ಹಚ್ಚಿ, ಹೊಸ್ತಿಲ ಸಮೇತ ಎತ್ತಿ, ಅದನ್ನು ಬೀರಪ್ಪನ ಗುಡಿಯೊಳಗೆ ಇಡಬೇಕಾಗಿತ್ತು. ಒಂದು ತುದಿ ನಮ್ಮವ್ವ ಹಿಡಿದಳು, ಇನ್ನೊಂದು ತುದಿ ಪೆಂಟಮ್ಮ. ಹೆಣಭಾರ. ಅಷ್ಟು ದೂರ ಇಬ್ಬರೂ ಹೊತ್ತು ತಂದರು. ಗುಡಿ ಮೆಟ್ಟಿಲು ಬಂದಾಗ ಪೆಂಟಮ್ಮ ತನ್ನ ತುದಿಯನ್ನು ನೆಲಕ್ಕಿಳಿಸಿ ಹಿಂದಕ್ಕೆ ಸರಿದಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೀರಲಿಂಗಪ್ಪಜ್ಜ ಬಂದು ಆ ತುದಿ ಹಿಡಿದ. ಅವತ್ತು ನಾನೂ ಅದನ್ನು ದೊಡ್ಡದೆಂದು ತಿಳಿಯಲಿಲ್ಲ. ಸಾಹೇಬರ ಮೇಲೆ ಇರುವ ಸಿಟ್ಟಿನಲ್ಲಿ ನನ್ನ ಮೇಲೂ ಒಂದಿಷ್ಟು ಇಟ್ಟುಕೊಂಡಿದ್ದೇನೆ.

ಐದನೇ ದಿನ ಜಾಗ ಬಟಾಬಯಲು. ಬುನಾದಿ ಕಲ್ಲು ಮಾತ್ರ ನೆಲದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ನಾವು ಬೇವಿನ ಮರದ ಕೆಳಗೆ ಕೂತು ಓದಿದೆವು. ಹದಿನೈದು ದಿನ ಬಿಟ್ಟು ಸಾಹೇಬರು ಬಂದರು. ಈ ಸಲ ಕೆಸರಿರಲಿಲ್ಲ, ಬೂಟು ಹಾಕಿಕೊಂಡೇ ಒಳಗೆ ಬಂದರು. ಫೋನು ತೆಗೆದು ನಾಲ್ಕೂ ಕಡೆ ಫೋಟೋ ಹೊಡೆದರು. "ಸ್ಕೂಲು ಏದಿ?" ಎಂದು ಕೇಳಿದರು. ಶಾಲೆ ಎಲ್ಲಿ?

"ನೀವೇ ಸಾಫ್ ಮಾಡ್ರಿ ಅಂದಿದ್ರಲ್ರಿ," ಎಂದಳು ಅವ್ವ.

"ನೇನು ಬಿದ್ದ ರೂಮ್ ಚೆಪ್ಪಿನ. ಗಟ್ಟಿ ರೂಮುಲು ಎವರು ತೀಯಮನ್ನರು?" ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಕೂಗಿದರು. ನಾನು ಹೇಳಿದ್ದು ಬಿದ್ದ ರೂಮು, ಗಟ್ಟಿ ರೂಮು ಕೆಡವಲು ಯಾರು ಹೇಳಿದರು? ಅವತ್ತು ಹೇಳಿದ್ದು ಹಾಗಿರಲಿಲ್ಲ. ಆದರೆ ನಮ್ಮ ಹತ್ತಿರ ಕಾಗದ ಇರಲಿಲ್ಲ. ಅವರ ಹತ್ತಿರ ಫೋಟೋ ಇತ್ತು.

ಒಂದು ವಾರಕ್ಕೆ ಆದೇಶ ಬಂತು. ಕರೇಕಲ್ಲು ಹೈಸ್ಕೂಲಿಗೆ ಕಟ್ಟಡವಿಲ್ಲ, ಗ್ರಾಮಸ್ಥರೇ ತೆಗೆದುಹಾಕಿದ್ದಾರೆ, ಮೂವತ್ತೆಂಟು ಮಕ್ಕಳನ್ನು ಯರ್ರಪಾಡು ಹೈಸ್ಕೂಲಿಗೆ ಸೇರಿಸಲಾಗಿದೆ. ಶಿವಕಾಂತ ಸಾರ್ ಅವರನ್ನು ಬೇರೆ ಊರಿಗೆ ಹಾಕಿದ್ದರು. ಅವರು ಆದೇಶವನ್ನು ನಮಗೆ ಓದಿ ಹೇಳಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ನಿಂತರು. ಅವ್ವ ನೆಲದ ಮೇಲೆ ಕೂತುಬಿಟ್ಟಳು.

"ನನ್ನ ತಲಿ ಮ್ಯಾಲ ಹೊತ್ತು ಹಾಕೀನಿ," ಎಂದಳು. "ನಿನ್ನ ಸಾಲಿ ನಾನೇ ಹೊತ್ತು ಹಾಕೀನಿ."

ಯರ್ರಪಾಡು ಹನ್ನೊಂದು ಕಿಲೋಮೀಟರು. ಬಸ್ಸಿಲ್ಲ. ಪೂರ್ತಿ ತೆಲುಗು ಶಾಲೆ. ಲಿಂಗಣ್ಣ ಸಾಹುಕಾರರು ಭಾಗ್ಯಜ್ಯೋತಿಯನ್ನು ರಾಯಚೂರಿನ ಅತ್ತೆ ಮನೆಗೆ ಕಳಿಸಿ ಅಲ್ಲಿ ಕನ್ನಡ ಶಾಲೆಗೆ ಸೇರಿಸಿದರು. ಅವರಿಗೆ ರಾಯಚೂರು ಇತ್ತು, ಹೋದರು. ನಾವು ಬೆಳಿಗ್ಗೆ ಆರಕ್ಕೆ ಎದ್ದು ನಡೆದೆವು.

ಅಲ್ಲಿ ನಮ್ಮನ್ನು ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಕೂರಿಸಿದರು. ಆರನೆಯವರಿಂದ ಹತ್ತನೆಯವರವರೆಗೆ ಎಲ್ಲ ಒಂದೇ ಕಡೆ. ಹತ್ತು ದಿನಕ್ಕೆ ಒಬ್ಬ ಮೇಷ್ಟ್ರು ಬಂದು ತೆಲುಗಿನಲ್ಲಿ ಲೆಕ್ಕ ಹೇಳಿದರು. ನಮಗೆ ತೆಲುಗು ಮಾತಾಡಲು ಬರುತ್ತದೆ, ಸಂತೆಯಲ್ಲಿ ಆಡುತ್ತೇವೆ. ಸಂತೆಯ ತೆಲುಗಿನಲ್ಲಿ ವಿಜ್ಞಾನ ಬರೆಯಲು ಬರುತ್ತದೆಯೇ? "ಗೊರ್ರೆಲೋಳ್ಳು ವಚ್ಚಿಂಡ್ರು" ಎಂದು ಆ ಮಕ್ಕಳು ಕೂಗುತ್ತಿದ್ದರು. ಕುರಿಯವರು ಬಂದರು ಅಂತ. ಬ್ಯಾ ಬ್ಯಾ ಅನ್ನುತ್ತಿದ್ದರು. ಅವತ್ತಿನಿಂದ ಕುರಿಯ ಮಾತಿಗೆ ನನಗೆ ಸಿಟ್ಟು ಬರತೊಡಗಿತು. ಮಧ್ಯಾಹ್ನ ಊಟಕ್ಕೆ ನಮ್ಮ ಸಾಲು ಕೊನೆಗೆ. ಅನ್ನ ಮುಗಿದ ದಿನ ಮುಗಿಯಿತು. ಆದರೆ ನೀರು ತುಂಬಲು, ಅಂಗಳ ಗುಡಿಸಲು ನಮ್ಮ ಸಾಲು ಮೊದಲಿಗೆ.

ಒಂದು ದಿನ ಅಲ್ಲಿನ ಹೆಡ್‌ಮಾಸ್ಟರು ಪಾಯಖಾನೆ ತೊಳೆಯಲು ಜಮ್ಮುಲಮ್ಮನನ್ನೇ ಹೆಸರು ಹಿಡಿದು ಕರೆದರು. ಅಷ್ಟು ಮಕ್ಕಳಲ್ಲಿ ಅವಳನ್ನೇ. ಕರೇಕಲ್ಲಿನ ಯಾರೋ ಅವಳ ಕೇರಿ ಯಾವುದೆಂದು ಹೇಳಿದ್ದರು. ಅವಳು ತೊಳೆದಳು. ಊರ ಹತ್ತಿರ ಬಂದಾಗ ಹೇಳಿದಳು.

"ರಜಿ, ನಾ ನಾಳಿ ಬರಾಂಗಿಲ್ಲ."

"ಹತ್ತನೇ ಕ್ಲಾಸಲೇ ಇದು. ಪರೀಕ್ಷಾ?"

"ಯಾವ ಸಾಲಿದು ಪರೀಕ್ಷಾ?"

ಆ ದಿನಗಳಲ್ಲಿ ಜೂರಾಲ ಅಣೆಕಟ್ಟು ದಾಟಿ ಗದ್ವಾಲ ಕಡೆಯಿಂದ ವ್ಯಾನು ಬರುತ್ತಿದ್ದವು. ಮಲ್ದಕಲ್ ಸುತ್ತಿನ ಹೊಲಗಳಲ್ಲಿ ಬೀಜದ ಹತ್ತಿ ಬೆಳೆಯುತ್ತಾರೆ. ಅದಕ್ಕೆ ಹುಡುಗಿಯರು ಬೇಕು. ಸಣ್ಣ ಕೈ, ಸಣ್ಣ ಎತ್ತರ. ಮಧ್ಯಾಹ್ನದಿಂದ ಸಂಜೆವರೆಗೆ ಹೆಣ್ಣು ಗಿಡದ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸುಲಿದು ಒಳಗಿನ ಕೇಸರ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವು ತಂದು ಅದಕ್ಕೆ ತಿಕ್ಕಬೇಕು. ಒಂದು ದಿನಕ್ಕೆ ಸಾವಿರ ಮೊಗ್ಗು. ಔಷಧಿ ಹೊಡೆದ ಗಿಡದ ನಡುವೆಯೇ ನಿಂತು ಇದನ್ನೆಲ್ಲ ಮಾಡಬೇಕು. ಶಾಲೆ ಇರುವಾಗ ಪೆಂಟಮ್ಮ ಆ ವ್ಯಾನಿನವರನ್ನು ಬೈದು ಕಳಿಸುತ್ತಿದ್ದಳು. ಈಗ ಬೈಯಲಿಲ್ಲ. ಅಕ್ಟೋಬರ್ ನಡುವಿಗೆ ಜಮ್ಮುಲಮ್ಮ ವ್ಯಾನು ಹತ್ತಿದಳು. ಪುಸ್ತಕದ ಚೀಲ ನನ್ನ ಹತ್ತಿರ ಕೊಟ್ಟು ಹೋದಳು.

ನಾನು ಯರ್ರಪಾಡಿಗೆ ನಡೆದೆ. ಮೂವತ್ತೆಂಟರಲ್ಲಿ ಹದಿನೇಳು ಉಳಿದೆವು. ಹತ್ತನೆಯವರಲ್ಲಿ ಇಬ್ಬರು ಹುಡುಗರು ಕುರಿ ಹಿಂದೆ ಹೋದರು. ನಾನು ಬಿಡಲಿಲ್ಲ, ಅವ್ವ ಬಿಡಿಸಲಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ ಕಟ್ಟಿ, ತಿರುಗದ ಕುತ್ತಿಗೆಯಲ್ಲೇ ದಾರಿವರೆಗೆ ಬಂದು ನಿಲ್ಲುತ್ತಿದ್ದಳು.

ಅಷ್ಟರಲ್ಲಿ ಶಿವಕಾಂತ ಸಾರ್ ಸುಮ್ಮನೆ ಕೂತಿರಲಿಲ್ಲ. ಮೇಲಿನವರಿಗೆ ಅರ್ಜಿ ಬರೆದಿದ್ದರು. ಕನ್ನಡ ಮಕ್ಕಳನ್ನು ತೆಲುಗು ಶಾಲೆಗೆ ಹಾಕಲು ಪಾಲಕರ ಒಪ್ಪಿಗೆ ಎಲ್ಲಿದೆ ಎಂದು ಮೇಲಿನವರು ಕೇಳಿದರು. ಸಾಹೇಬರ ಹತ್ತಿರ ಒಪ್ಪಿಗೆ ಇರಲಿಲ್ಲ. ಡಿಸೆಂಬರ್ ಎರಡನೇ ವಾರ ತಾವೇ ಊರಿಗೆ ಬಂದು ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಹತ್ತನೆಯವರು ತೆಲುಗಿನಲ್ಲೇ ಪರೀಕ್ಷೆ ಬರೆಯುತ್ತೇವೆಂದು ಬೇರೆ ಸಹಿ ಹಾಕಬೇಕಿತ್ತು. ಹಾಕಿದರೆ ನಮ್ಮ ಹತ್ತನೇ ಕ್ಲಾಸು ಮುಗಿದ ಹಾಗೆ. ತೆಲುಗಿನಲ್ಲಿ ಬರೆದರೆ ಒಬ್ಬರೂ ಪಾಸಾಗುವುದಿಲ್ಲವೆಂದು ನಮಗೆ ಗೊತ್ತಿತ್ತು. ಶಿವಕಾಂತ ಸಾರ್ ರಜೆ ಹಾಕಿ ಹಿಂದಿನ ದಿನವೇ ಊರಿಗೆ ಬಂದರು.

ಅದೇ ವಾರ ಹತ್ತಿ ಕೆಲಸ ಮುಗಿದು ಜಮ್ಮುಲಮ್ಮ ವಾಪಸು ಬಂದಿದ್ದಳು. ನಾನು ಚೀಲ ಕೊಡಲು ಕೇರಿಗೆ ಹೋದೆ. ಕೈ ಚಾಚಿದಳು. ಬಲಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ತುದಿಯ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿದು ಕೆಂಪಗಿತ್ತು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಚೀಲವನ್ನು ಎರಡೂ ಅಂಗೈ ನಡುವೆ ಹಿಡಿದು ತೆಗೆದುಕೊಂಡಳು. ಗಣಿತದ ಪುಸ್ತಕ ತೆಗೆದು ಮೂಸಿ ನೋಡಿದಳು. ನಾನು ಅತ್ತೆ, ಅವಳು ಅಳಲಿಲ್ಲ.

ಸಾಹೇಬರು ಬರುವ ದಿನ ಬೆಳಿಗ್ಗೆ ಅವ್ವ ಬೀರಪ್ಪನ ಗುಡಿಗೆ ಹೋದಳು. ಬೀರಲಿಂಗಪ್ಪಜ್ಜ ತಡೆದ. "ಚೌಕಟ್ಟು ಹೊಸಾ ಗ್ವಾಡಿ ಏಳೂತನ ಹೊರಗ ತರಾಂಗಿಲ್ಲ ಆಶಮ್ಮ. ಪದ್ಧತಿ ಐತಿ."

"ನಿನ್ನ ಪದ್ಧತಿ ಕೇಳೇ ಸಾಲಿ ಹೊತ್ತು ಹಾಕೀನಿ ಅಜ್ಜಾ," ಎಂದಳು ಅವ್ವ. "ಇನ್ನ ನನ್ನ ತಲಿ ನನ್ನ ಮಾತು ಕೇಳ್ತೈತಿ. ಪೆಂಟಮ್ಮಾ, ಬಾ ಇಲ್ಲಿ. ಮ್ಯಾಲ ಬಾ. ಹಿಡಿ."

ಪೆಂಟಮ್ಮ ಮೆಟ್ಟಿಲ ಕೆಳಗೇ ನಿಂತಳು. ಅಜ್ಜನ ಮುಖ ನೋಡಿದಳು. ಅವ್ವ ಮತ್ತೆ ಕರೆದಳು. ಪೆಂಟಮ್ಮ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಿ ಚೌಕಟ್ಟಿನ ತುದಿ ಹಿಡಿದಳು. ಅಜ್ಜ ಕಂಬಳಿ ಮುಖಕ್ಕೆಳೆದುಕೊಂಡು ಗೋಡೆಗೆ ತಿರುಗಿ ನಿಂತ.

ಇಬ್ಬರೂ ಹೊತ್ತು ತಂದು ಬುನಾದಿಯ ಮೇಲೆ ಹಿಂದೆ ಇದ್ದ ಜಾಗದಲ್ಲೇ ನಿಲ್ಲಿಸಿದರು. ಎರಡೂ ಕಡೆ ಕಲ್ಲು ಒಟ್ಟಿ ಬಿಗಿ ಮಾಡಿದೆವು. ಬಯಲಿನಲ್ಲಿ ಒಂದು ಬಾಗಿಲು. ಹಿಂದೆ ಗೋಡೆಯಿಲ್ಲ, ಮೇಲೆ ಮಾಡಿಲ್ಲ. ಅದರ ಹಿಂದೆ ಕಂಬಳಿ ಹಾಸಿ ನಾವು ಹತ್ತನೆಯವರು ಸಾಲಾಗಿ ಕೂತೆವು. ಕುರಿ ಹಿಂದೆ ಹೋಗಿದ್ದ ಇಬ್ಬರನ್ನೂ ಕರೆಸಿದ್ದರು. ನನ್ನ ಪಕ್ಕ ಜಮ್ಮುಲಮ್ಮ. ತಾಯಂದಿರು ಸುತ್ತ ನಿಂತರು. ಶಿವಕಾಂತ ಸಾರ್ ಕೈಯಲ್ಲಿ ಪುಸ್ತಕ ಹಿಡಿದು ಪಾಠ ಶುರು ಮಾಡಿದರು.

ಸಾಹೇಬರು ಬಂದರು. ಬಾಗಿಲು ನೋಡಿ ನಕ್ಕರು. ಪಕ್ಕದಿಂದ ಬಳಸಿಕೊಂಡು ನಮ್ಮ ಹತ್ತಿರ ಬಂದರು. ಅವ್ವ ಅಡ್ಡ ನಿಂತಳು.

"ಬಾಗಿಲದಾಗಿಂದ ಬರ್ರಿ ಸಾರ್."

"ಏಮಿ?"

"ಸಾಲಿ ಐತ್ರಿ ಇದು. ಸಾಲಿಗಿ ಬಾಗಿಲ ಐತಿ. ಕಳ್ಳರಂಗ ಗ್ವಾಡಿ ಹಾದು ಬರಬ್ಯಾಡ್ರಿ."

"ಎಲ್ಲಿ ಐತಮ್ಮ ಗೋಡ?"

"ನಿಮಗ ಕಾಣವಲ್ದು. ನಾ ಹೊತ್ತೀನಿ, ನನಗ ಗೊತ್ತೈತಿ ಯಾವ ಕಲ್ಲು ಎಲ್ಲಿ ಇತ್ತಂತ."

ಅವ್ವ ಅಲುಗಾಡಲಿಲ್ಲ. ಮೂವತ್ತು ಹೆಂಗಸರು ಅಲುಗಾಡಲಿಲ್ಲ. ಸಾಹೇಬರು ಸುತ್ತ ನೋಡಿ, ಹಿಂದಕ್ಕೆ ಹೋಗಿ, ತಲೆ ತಗ್ಗಿಸಿಕೊಂಡು ಚೌಕಟ್ಟಿನೊಳಗಿಂದ ಬಂದರು. ಕೈಯಲ್ಲಿದ್ದ ಕಾಗದಗಳನ್ನು ಕಂಬಳಿಯ ಮೇಲೆ ಎಸೆದರು. ಮೊದಲು ಹತ್ತನೆಯವರ ಸಹಿ ಎಂದರು. ಹುಡುಗಿಯರ ಪಟ್ಟಿಯಲ್ಲಿ ಮೊದಲ ಹೆಸರು ಜಮ್ಮುಲಮ್ಮನದು.

ಅವಳು ಪೆನ್ನು ತೆಗೆದುಕೊಂಡಳು. ಪೆನ್ನು ಜಾರಿ ಬಿತ್ತು. ಮತ್ತೆ ಎತ್ತಿಕೊಂಡಳು, ಮತ್ತೆ ಬಿತ್ತು. ಸಾಹೇಬರು ಚೀಲದಿಂದ ಶಾಯಿಯ ಡಬ್ಬಿ ತೆಗೆದು ಮುಂದಿಟ್ಟರು. "ರಾದಾ? ಸರೇ, ವೇಲುಮುದ್ರ ವೇಯ್." ಬರೆಯಲು ಬರದಿದ್ದರೆ ಹೆಬ್ಬೆಟ್ಟು ಒತ್ತು.

ಜಮ್ಮುಲಮ್ಮ ಆ ಡಬ್ಬಿಯನ್ನು ನೋಡಿದಳು. ಅಂಥ ಡಬ್ಬಿಯ ಶಾಯಿಯಲ್ಲೇ ಇಷ್ಟು ವರ್ಷ ಅವಳವ್ವನ ಹೆಬ್ಬೆರಳು, ನನ್ನವ್ವನ ಹೆಬ್ಬೆರಳು, ನಮ್ಮ ಊರಿನ ಹೆಂಗಸರ ಹೆಬ್ಬೆರಳೆಲ್ಲ ಅದ್ದಿ ಅದ್ದಿ ಬಂದಿದ್ದವು. ಅವಳು ಎದ್ದು ನಿಂತಳು.

"ನಾ ಹೆಬ್ಬಟ್ಟು ಒತ್ತಂಗಿಲ್ಲ."

"ಏಮೇ?"

"ನನಗ ಬರಿಯಾಕ ಬರ್ತೈತಿ. ನನ್ನ ಅಕ್ಷರ ಈ ಕ್ಲಾಸಿನಾಗ ಎಲ್ಲಾರಕಿಂತ ಚಂದ ಅದಾವು. ಕೇಳ್ರಿ ನಮ್ ಸಾರ್‌ನ. ನನ್ನ ಕೈ ಹಿಂಗ ಆಗಿದ್ದು ನಿಮ್ಮಿಂದ. ಈ ಬಟ್ಟು ಕೊಡಾಂಗಿಲ್ಲ ನಿಮಗ."

ಶಾಯಿಯ ಡಬ್ಬಿಯನ್ನು ಕಾಲಿನಿಂದ ತಳ್ಳಿದಳು. ಅದು ಮಗುಚಿ ಅವರ ಕಾಗದದ ಮೇಲೆ ನೀಲಿ ಹರಿಯಿತು.

ಆಮೇಲೆ ಯಾರೂ ಸಹಿ ಹಾಕಲಿಲ್ಲ. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಸಾಹೇಬರು ಪಾಲಕರ ಕಾಗದ ಹಿಡಿದು ಅವ್ವನ ಮುಂದೆ ನಿಂತರು. ಅವ್ವ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದಳು. "ನನಗ ಓದಾಕ ಬರಾಂಗಿಲ್ಲ. ಬಟ್ಟೊಂದೇ ಐತಿ. ಅದನ್ನೂ ಕೊಡಾಂಗಿಲ್ಲ," ಎಂದಳು. ಪೆಂಟಮ್ಮನೂ ಮುಷ್ಟಿ ಕಟ್ಟಿದಳು. ಸುತ್ತ ನಿಂತ ಮೂವತ್ತು ಹೆಂಗಸರೂ ಹೆಬ್ಬೆರಳು ಮುಚ್ಚಿಕೊಂಡು ನಿಂತರು. ಯಾರೂ ಕೂಗಲಿಲ್ಲ, ಕಲ್ಲು ಎಸೆಯಲಿಲ್ಲ. ಸಾಹೇಬರು ಬಾಗಿಲಿನಿಂದಲೇ ಹೊರಗೆ ಹೋದರು.

ಒಪ್ಪಿಗೆ ಸಿಗದ ಮೇಲೆ, ಜನವರಿಯಲ್ಲಿ ಮೇಲಿನವರಿಂದ ಹೊಸ ಆದೇಶ ಬಂತು. ಹತ್ತನೆಯವರು ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಮಾರ್ಚ್‌ವರೆಗೆ ಶಿವಕಾಂತ ಸಾರ್ ಕರೇಕಲ್ಲಿನಲ್ಲೇ ಪಾಠ ಮಾಡಬಹುದು. ಚಿಕ್ಕ ಕ್ಲಾಸಿನವರ ವಿಚಾರ ಆಮೇಲೆ. ಅಷ್ಟಕ್ಕೇ ನಾವು ಕುಣಿದೆವು. ನಾನು ಓಡಿ ಹೋಗಿ ಜಮ್ಮುಲಮ್ಮನನ್ನು ಅಪ್ಪಿಕೊಂಡೆ. ಅವಳು ಅಷ್ಟರಲ್ಲಿ ಎಡಗೈಯಲ್ಲಿ ಬರೆಯಲು ಶುರು ಮಾಡಿದ್ದಳು. ಮೊದಮೊದಲು ನನ್ನ ಅಕ್ಷರಕ್ಕಿಂತ ಕೆಟ್ಟದಾಗಿದ್ದವು. ಫೆಬ್ರವರಿಗೆ ಮತ್ತೆ ದುಂಡಗಾದವು. ಅವ್ವ ದಿನಾ ಬೆಳಿಗ್ಗೆ ಹೊಸ್ತಿಲಿಗೆ ನೀರು ಹಾಕಿ ಅಲ್ಲೇ ಕೂರುತ್ತಿದ್ದಳು. ಯಾರಾದರೂ ಪಕ್ಕದಿಂದ ಬಂದರೆ ಗದರುತ್ತಿದ್ದಳು. "ಬಾಗಿಲದಾಗಿಂದ ಬಾ. ಗ್ವಾಡಿ ಐತಿ ಅಲ್ಲಿ." ಮಕ್ಕಳು ನಗುತ್ತಾ ಹಿಂದಕ್ಕೆ ಹೋಗಿ ಬಾಗಿಲಿನಿಂದ ಬರುತ್ತಿದ್ದರು.

ಮಾರ್ಚ್ ಮೊದಲ ವಾರ ಹಾಲ್ ಟಿಕೆಟ್ ಬಂದವು. ನಾವು ಹನ್ನೆರಡು ಮಂದಿ, ಹನ್ನೊಂದು ಟಿಕೆಟ್. ಮೂವರ ಹಾಜರಿ ಕಡಿಮೆಯಿತ್ತು. ಯರ್ರಪಾಡಿನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಅಕ್ಟೋಬರಿನಿಂದ ಡಿಸೆಂಬರಿ­ನವರೆಗೆ ಕೆಂಪು ಗೆರೆ. ಅಂಥವರಿಗೆ ಮಂಡಲದ ಸಾಹೇಬರು ವಿನಾಯಿತಿ ಬರೆದು ಕೊಡಬಹುದು. ಕುರಿ ಹಿಂದೆ ಹೋಗಿದ್ದ ಇಬ್ಬರು ಹುಡುಗರಿಗೆ ಬರೆದು ಕೊಟ್ಟಿದ್ದರು. ಮೂರನೆಯ ಹೆಸರಿಗೆ ಕೊಟ್ಟಿರಲಿಲ್ಲ.

ಶಿವಕಾಂತ ಸಾರ್ ಹೋಗಿ ಕೇಳಿದರು. "ಆ ಪೊಗರು ಪಿಲ್ಲಕಾ? ವಚ್ಚೇ ಏಡಾದಿ ಚೂದ್ದಾಂ," ಎಂದರಂತೆ ಸಾಹೇಬರು. ಆ ಪೊಗರಿನ ಹುಡುಗಿಗಾ? ಬರುವ ವರ್ಷ ನೋಡೋಣ.

ಮರುದಿನ ಅವ್ವ ಒಬ್ಬಳೇ ಮಂಡಲ ಕಚೇರಿಗೆ ಹೋದಳು. ಸಾಹೇಬರ ಕಾಲು ಹಿಡಿದಳು. ಮುಷ್ಟಿ ಬಿಚ್ಚಿ ಹೆಬ್ಬೆರಳು ತೋರಿಸಿದಳಂತೆ. ನನ್ನ ಬಟ್ಟು ತೊಗೋರಿ, ಎಲ್ಲಿ ಬೇಕಾದರೂ ಒತ್ತುತೀನಿ, ಆ ಹುಡುಗಿಗೆ ಪರೀಕ್ಷೆ ಬರೆಯಾಕ ಬಿಡ್ರಿ ಎಂದಳಂತೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಬೇಡವಾದ ಹೆಬ್ಬೆಟ್ಟು ಯಾರಿಗೆ ಬೇಕು?

ಜಮ್ಮುಲಮ್ಮನಿಗೆ ಇದು ಗೊತ್ತಾಗಿ ನಮ್ಮ ಮನೆಗೆ ಬಂದಳು. ಅಂಗಳದಲ್ಲೇ ನಿಂತು ಅವ್ವನನ್ನು ಕೇಳಿದಳು. "ಯಾಕ ಕಾಲು ಹಿಡದಿ ಚಿಗವ್ವಾ? ಅವನ ಕಾಲು?"

"ನಿನ್ನ ಸಾಲಿ ಕೆಡವಿದಾಕಿ ನಾನಬೇ," ಎಂದಳು ಅವ್ವ. ಅವತ್ತು ಮೊದಲ ಬಾರಿಗೆ ಜಮ್ಮುಲಮ್ಮ ಅತ್ತದ್ದನ್ನು ನಾನು ನೋಡಿದೆ. ಅವ್ವ ಅವಳನ್ನು ಒಳಗೆ ಕರೆದಳು. ಅವಳು ಬರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರೂ ಶಾಲೆಯ ಜಾಗದಲ್ಲಿ ಸೇರಿದೆವು. ಮಕ್ತಲ್‌ನಲ್ಲಿ ಸೆಂಟರು, ಅಲ್ಲಿಗೆ ಟ್ರ್ಯಾಕ್ಟರಿನಲ್ಲಿ ಹೋಗಬೇಕಿತ್ತು. ಬೀರಲಿಂಗಪ್ಪಜ್ಜ ಭಂಡಾರದ ಚೀಲ ತಂದಿದ್ದ. ಒಬ್ಬೊಬ್ಬರೇ ಚೌಕಟ್ಟಿನೊಳಗಿಂದ ದಾಟಬೇಕು, ಅಜ್ಜ ಹಣೆಗೆ ಅರಿಶಿನದ ಭಂಡಾರ ಹಚ್ಚಬೇಕು. ಹನ್ನೊಂದು ಮಂದಿ ಸಾಲಿನಲ್ಲಿ ನಿಂತೆವು.

ನನ್ನ ಹಿಂದೆ ಬಂದು ನಿಂತವಳು ಜಮ್ಮುಲಮ್ಮ. ತೊಳೆದ ಯೂನಿಫಾರ್ಮು, ಎರಡು ಜಡೆ, ರಿಬ್ಬನ್ನು. ಕೈಯಲ್ಲಿ ನನ್ನ ಪ್ಯಾಡು. ಮನೆಯಲ್ಲಿ ಮರೆತು ಬಂದಿದ್ದೆ, ಅವಳು ತಂದಿದ್ದಳು. ಯಾರೂ ಅವಳನ್ನು ಹಿಂದಕ್ಕೆ ಕಳಿಸಲಿಲ್ಲ. ನಾನು ದಾಟಿದೆ. ಅವಳೂ ದಾಟಿದಳು, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಜ್ಜ ಒಂದು ಗಳಿಗೆ ನಿಂತ. ಆಮೇಲೆ ಅವಳ ಹಣೆಗೂ ಹಚ್ಚಿದ. ಅವನ ಕೈ ಕೇರಿಯ ಮಗುವಿನ ಹಣೆ ಮುಟ್ಟಿದ್ದು ಅದೇ ಮೊದಲು.

ಟ್ರ್ಯಾಕ್ಟರಿನವರೆಗೆ ನನ್ನ ಜೊತೆ ಬಂದಳು. ನಾನು ಹತ್ತಿದ ಮೇಲೆ ಪ್ಯಾಡು ಮೇಲಕ್ಕೆ ಕೊಟ್ಟಳು. "ಗಡಬಡ ಮಾಡಬ್ಯಾಡ. ಅಕ್ಷರ ದುಂಡಗ ಬರಿ," ಎಂದಳು.

ಟ್ರ್ಯಾಕ್ಟರು ಹೊರಟಿತು. ನಾನು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದೆ. ಅವಳು ಕೇರಿಗೆ ಹೋಗಬೇಕಾದರೆ ಶಾಲೆಯ ಜಾಗ ಹಾದೇ ಹೋಗಬೇಕು. ಬಯಲಿನಲ್ಲಿ ಚೌಕಟ್ಟು ನಿಂತಿತ್ತು. ಹೊಸ್ತಿಲ ಮೇಲೆ ಅವ್ವ ಕೂತಿದ್ದಳು. ಜಮ್ಮುಲಮ್ಮ ಬಾಗಿಲ ಹತ್ತಿರ ಬಂದಳು. ಅವ್ವ ದಾರಿ ಬಿಡಲು ಎದ್ದು ನಿಂತಳು.

ಜಮ್ಮುಲಮ್ಮ ಬಾಗಿಲಿನಿಂದ ಹೋಗಲಿಲ್ಲ. ಪಕ್ಕದಿಂದ ಬಳಸಿಕೊಂಡು, ಗೋಡೆ ಇದ್ದ ಜಾಗವನ್ನು ತುಳಿದುಕೊಂಡು ಹೋದಳು.

ಅವ್ವ ಅವಳನ್ನು ಗದರಲಿಲ್ಲ.